ಹೆಸರು ಕೆತ್ತದ ನಕ್ಷತ್ರ

ಹೊಸೂರು
ಫೆಬ್ರವರಿ ೯, ೨೦೨೫

ಚಿರಂಜೀವಿ ಸೌಭಾಗ್ಯವತಿ ಗೌತಮಿಗೆ ನಿನ್ನ ಅತ್ತಿಗೆ ಮಾಡುವ ಆಶೀರ್ವಾದ.

ಸಂಕ್ರಾಂತಿಗೆ ನೀನು ಕಳಿಸಿದ ಎಳ್ಳುಬೆಲ್ಲ, ಸಕ್ಕರೆ ಅಚ್ಚು ಹಬ್ಬದ ಹಿಂದಿನ ದಿನವೇ ಕೈಸೇರಿತು. ಸೇರಿತು ಅಂತ ತಿಳಿಸುವುದಕ್ಕೆ ನನಗೆ ಫೆಬ್ರವರಿ ಬೇಕಾಯಿತು ನೋಡು. ಬೈಯುವುದಿದ್ದರೆ ಬೈದುಬಿಡು, ಬೈಸಿಕೊಳ್ಳುತ್ತೇನೆ. ಅಚ್ಚಿನಲ್ಲಿ ಒಂದು ಆನೆಯ ಸೊಂಡಿಲು ಮುರಿದಿತ್ತು. ನಿಮ್ಮಣ್ಣ ಅದನ್ನು ಭೂತಗನ್ನಡಿ ಹಿಡಿದು ನೋಡಿ, "ದಾರಿಯಲ್ಲಿ ಮುರಿದದ್ದಲ್ಲ ಕಣೇ, ಎರಕ ಹೊಯ್ಯುವಾಗಲೇ ಗಾಳಿ ಸೇರಿಕೊಂಡಿದೆ" ಎಂದು ತೀರ್ಪು ಕೊಟ್ಟು ಬಾಯಿಗೆ ಹಾಕಿಕೊಂಡರು. ಅವರ ಬುದ್ಧಿ ನಿನಗೆ ಗೊತ್ತೇ ಇದೆಯಲ್ಲ.

ಫೋನ್ ಮಾಡಬಹುದಿತ್ತು. ಆದರೆ ನೀನು ಆ ಕಿವಿಯ ಯಂತ್ರವನ್ನು ಡಬ್ಬಿಯಿಂದ ಹೊರಗೇ ತೆಗೆಯುವುದಿಲ್ಲವೆಂದು ನಿನ್ನ ಯಜಮಾನರು ನಿರಂಜನ ಅವರೇ ಹೇಳಿದರು. ನಾನು ಇಲ್ಲಿಂದ ಕೂಗಿದರೆ ನಮ್ಮ ಬೀದಿಗೆಲ್ಲ ಕೇಳುತ್ತದೆ, ಮೈಸೂರಿನಲ್ಲಿರುವ ನಿನಗೊಬ್ಬಳಿಗೆ ಕೇಳುವುದಿಲ್ಲ. ಇದು ಬೀದಿಗೆ ಕೇಳಿಸುವ ವಿಷಯವಲ್ಲ. ಮೊನ್ನೆ ನಾನು ಕಳಿಸಿದ ಎರಡು ಸಾಲಿನ ಮೆಸೇಜು ಓದಿ ನೀನು ನಿಮ್ಮಣ್ಣನಿಗೆ ಫೋನ್ ಮಾಡಿ ಒಂದು ಮಾತು ಹೇಳಿದೆಯಲ್ಲ, ಆ ಮಾತಿನಿಂದ ಏನೇನಾಯಿತೆಂದು ನಿನಗೆ ಪೂರ್ತಿ ತಿಳಿಯಬೇಕು. ಅದಕ್ಕೆ ಮೊದಲಿನಿಂದ ಬರೆಯುತ್ತೇನೆ. ಗೊತ್ತಿರುವುದನ್ನೂ ಬರೆದರೆ ಬೇಸರ ಮಾಡಿಕೊಳ್ಳಬೇಡ.

ನಿಮ್ಮಣ್ಣ ಕಾರ್ಖಾನೆಯಿಂದ ರಿಟೈರ್ ಆದ ಮೇಲೆ ನಮ್ಮ ಮುಂದಿನ ಕೋಣೆ ಮನುಷ್ಯರು ಕೂರುವ ಕೋಣೆಯಾಗಿ ಉಳಿದಿಲ್ಲ. ನೀನು ಕಳೆದ ಸಲ ಬಂದಾಗ ಕುರ್ಚಿಯ ಮೇಲಿದ್ದ ಸಿಪಾಯಿ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಕಾಫಿ ಕುಡಿದೆಯಲ್ಲ, ಈಗ ಆ ಕುರ್ಚಿಯೂ ಇಲ್ಲ. ಅದರ ಜಾಗದಲ್ಲಿ ಯಾವುದೋ ಯುದ್ಧದ ನೀರಿನ ಬಾಟಲಿಗಳು ಸಾಲಾಗಿ ನಿಂತಿವೆ. ಹಿತ್ತಾಳೆ ಗುಂಡಿಗಳು, ಟೋಪಿಯ ಬಿಲ್ಲೆಗಳು, ಪದಕಗಳು ಗಾಜಿನ ಬೀರುವಿನಲ್ಲಿವೆ. ತಮ್ಮ ಹತ್ತಿರ ಎರಡಿದ್ದರೆ ಒಂದನ್ನು ಕೃಷ್ಣಗಿರಿಯ ಯತಿರಾಜ್ ಅವರಿಗೆ ಕೊಟ್ಟು ಅವರ ಹತ್ತಿರ ಹೆಚ್ಚಿರುವುದನ್ನು ತರುತ್ತಾರೆ. ಯತಿರಾಜ್ ಹಳೆಯ ಸಾಮಾನಿನ ಅಂಗಡಿ ಇಟ್ಟವರು, ಇವರಷ್ಟೇ ಹುಚ್ಚು, ಆದರೆ ಅವರಿಗೆ ಅದರಿಂದ ಅನ್ನವೂ ಹುಟ್ಟುತ್ತದೆ. ಇಬ್ಬರೂ ಒಂದು ಬಿಲ್ಲೆಯ ಹಿಂದಿನ ಬೆಸುಗೆ ನೋಡಿ ಮಧ್ಯಾಹ್ನವೆಲ್ಲ ಜಗಳವಾಡಬಲ್ಲರು. ನಾನು ಊಟಕ್ಕೆ ಕರೆದರೆ ಇಬ್ಬರೂ ಒಟ್ಟಿಗೆ ನನ್ನ ಮೇಲೆ ರೇಗುತ್ತಾರೆ.

ಈ ಸೀಮೆಯಲ್ಲಿ ಮಿಲಿಟರಿಗೆ ಹೋದ ಮನೆಗಳು ಬಹಳ. ಅಜ್ಜನ ಪದಕ ಅಂತ ಹಿಡಿದುಕೊಂಡು ಇವರ ಹತ್ತಿರ ಜನ ಬರುತ್ತಲೇ ಇರುತ್ತಾರೆ. ಪೇಟೆಯಲ್ಲಿ ನಕಲಿ ಪದಕಗಳೂ ಅಷ್ಟೇ ಇವೆಯಂತೆ. ಇವರು ಯಾರಿಂದಲೂ ಏನೂ ತೆಗೆದುಕೊಳ್ಳುವುದಿಲ್ಲ, ನೋಡಿ ಅಸಲಿಯೋ ನಕಲಿಯೋ ಹೇಳುತ್ತಾರೆ. ಹೇಳುವುದು ಮಾತ್ರ ಕಾರ್ಖಾನೆಯಲ್ಲಿ ಮಾಲು ತಿರಸ್ಕರಿಸುತ್ತಿದ್ದ ಗಂಟಲಿನಲ್ಲೇ. ಅವರದೊಂದು ಕಟ್ಟಳೆ ಇದೆ: ತಂದವರ ಕತೆ ಕೇಳಕೂಡದು. ವಸ್ತುವನ್ನು ನೋಡಬೇಕು, ಕತೆಯನ್ನಲ್ಲ. "ಕತೆ ಕೇಳಿದರೆ ಕಣ್ಣು ಮೆತ್ತಗಾಗುತ್ತೆ" ಅನ್ನುತ್ತಾರೆ. ಈ ವ್ಯಾಪಾರದವರೆಲ್ಲ ಹಾಗೆಯೇ ಅಂತೆ.

ಇನ್ನು ಮಾವನವರ ನಕ್ಷತ್ರದ ವಿಷಯ. ಬರ್ಮಾ ಯುದ್ಧದಲ್ಲಿದ್ದವರಿಗೆ ಕೊಟ್ಟ ಆರು ಮೂಲೆಯ ನಕ್ಷತ್ರ, ನಡುವೆ ಕೆಂಪು, ಆಚೀಚೆ ನೀಲಿ, ನೀಲಿಯೊಳಗೆ ಕಿತ್ತಳೆ ಗೆರೆಯ ರಿಬ್ಬನ್. ನೀವಿಬ್ಬರೂ ಚಿಕ್ಕವರಿದ್ದಾಗ ಅದನ್ನು ಮುಟ್ಟಿದ್ದಕ್ಕೆ ಏಟು ತಿಂದ ಕತೆ ನೀನೇ ಹೇಳಿದ್ದೆ. ನಿಮ್ಮಣ್ಣನಿಗೆ ಈ ಹುಚ್ಚು ಹಿಡಿದದ್ದೇ ಅದರಿಂದ. ಅದು ಬೀರುವಿನ ಮೇಲಿನ ಅರೆಯಲ್ಲಿ ಒಂಟಿಯಾಗಿ ಇರುತ್ತಿತ್ತು. ಅದಕ್ಕೆ ಇವರಿಟ್ಟ ಹೆಸರು "ಮಾಸ್ಟರ್". ಕಾರ್ಖಾನೆಯಲ್ಲಿ ಹಾಗೊಂದು ಇರುತ್ತದಂತೆ. ಎಲ್ಲ ಅಳತೆಗಳಿಗೂ ಮೂಲವಾದ ಒಂದು ತುಂಡು. ತಯಾರಾದ ಮಾಲು ಅದಕ್ಕೆ ಹೊಂದಿದರೆ ಸರಿ, ಹೊಂದದಿದ್ದರೆ ಕಸದ ಡಬ್ಬಿ. ಯಾರೇ ಬರ್ಮಾ ನಕ್ಷತ್ರ ತಂದರೂ ನಿಮ್ಮಣ್ಣ ಮಾವನವರದ್ದನ್ನು ತೆಗೆದು ಪಕ್ಕದಲ್ಲಿಟ್ಟು, ದಪ್ಪ ಅಳೆದು, ಕಿರೀಟದ ಗುರುತನ್ನು ಹೋಲಿಸಿ ತೀರ್ಪು ಹೇಳುತ್ತಿದ್ದರು.

ಹೋದ ದೀಪಾವಳಿ ಕಳೆದ ಮೇಲೆ ತಳಿಯ ಆಚೆಯ ಒಂದು ಹಳ್ಳಿಯಿಂದ ಪಿಳ್ಳಮ್ಮ ಅನ್ನುವ ಮುದುಕಿ ಬಂದಳು. ಎಂಬತ್ತು ದಾಟಿದವಳು. ಜೊತೆಯಲ್ಲಿ ಮಗ ಮುನೀಶ್, ಹೂವಿನ ತೋಟ ಮಾಡುವವನು. ಊರಿನ ನಿವೃತ್ತ ಸೈನಿಕರೆಲ್ಲ ಸೇರಿ, ಆ ಊರಿನಿಂದ ಯುದ್ಧಕ್ಕೆ ಹೋದವರ ಹೆಸರು ಕೆತ್ತಿಸಿ ಒಂದು ಕಲ್ಲು ನಿಲ್ಲಿಸುತ್ತಾರಂತೆ. ಪಿಳ್ಳಮ್ಮನ ತಂದೆ ಮುನಿಶಾಮಪ್ಪ ಮಿಲಿಟರಿ ಲಾರಿ ಓಡಿಸಿಕೊಂಡು ಬರ್ಮಾ ಕಡೆ ಹೋದವನು ಹಿಂದಿರುಗಲಿಲ್ಲ. ಕಾಗದಪತ್ರವೆಲ್ಲ ಯಾವುದೋ ಮಳೆಯಲ್ಲಿ ಸೂರು ಬಿದ್ದಾಗ ಹೋಗಿವೆ. "ಹೊಸೂರಿನ ಗೋಪೀನಾಥ ಸಾರ್ ಕೈಯಲ್ಲಿ ಪದಕ ಅಸಲಿ ಅಂತ ಹೇಳಿಸ್ಕೊಂಡು ಬನ್ನಿ, ಹೆಸರು ಹಾಕ್ತೀವಿ" ಎಂದು ಸೈನಿಕರ ಸಂಘದವರು ಹೇಳಿದ್ದರು.

ಆಕೆ ಸೆರಗಿನ ಗಂಟು ಬಿಚ್ಚಿ ನಕ್ಷತ್ರವೊಂದನ್ನು ಮೇಜಿನ ಮೇಲಿಟ್ಟಳು. ರಿಬ್ಬನ್ ಇರಲಿಲ್ಲ, ಕರಿ ದಾರ ಕಟ್ಟಿತ್ತು. "ನಮ್ಮಪ್ಪುಂದು ಅಂತ ಮನೇಲಿರೋದು ಇದೊಂದೇ ಸಾಮಿ. ನಾನು ಅವ್ವನ ಹೊಟ್ಟೇಲಿದ್ದಾಗ ಹೋದೋನಂತೆ. ಪಟ ಇಲ್ಲ, ಏನಿಲ್ಲ" ಎಂದಳು.

ನಿಮ್ಮಣ್ಣ ಮಾಸ್ಟರ್ ತೆಗೆದು ಪಕ್ಕದಲ್ಲಿಟ್ಟರು. ಅಳೆದರು. ಮತ್ತೆ ಅಳೆದರು. ಆಮೇಲೆ, "ಅಮ್ಮ, ಇದು ಅಸಲಿ ಅಲ್ಲ. ಯಾರೋ ಆಮೇಲೆ ಮಾಡಿಸಿದ್ದು. ನಿಮ್ಮ ತಪ್ಪಲ್ಲ, ಯಾರೋ ನಿಮ್ಮ ಮನೆಯವರಿಗೆ ಮೋಸ ಮಾಡಿದ್ದಾರೆ" ಅಂದರು.

"ಮೋಸ ಮಾಡೋರಂಗೆ ಇರ್ನಿಲ್ವಲ್ಲ ಸಾಮಿ ಅವ್ರು" ಎಂದಳು ಆಕೆ.

ಯಾರು ಅವರು ಅಂತ ನಿಮ್ಮಣ್ಣ ಕೇಳಲಿಲ್ಲ. ಕತೆ ಕೇಳಕೂಡದಲ್ಲ. ಪಿಳ್ಳಮ್ಮ ನಕ್ಷತ್ರವನ್ನು ಮತ್ತೆ ಗಂಟು ಹಾಕಿಕೊಂಡು, ತಂದಿದ್ದ ಅವರೆಕಾಯಿಯನ್ನು ನನ್ನ ಕೈಗೆ ಕೊಟ್ಟು, ಮೆಟ್ಟಿಲು ಇಳಿದು ಹೋದಳು. ಆ ಅವರೆಕಾಯಿಯ ಹುಳಿ ಅವತ್ತು ನನಗೆ ಸೇರಲಿಲ್ಲ ಕಣೇ.

ಗಣರಾಜ್ಯೋತ್ಸವದ ದಿನ ತೊರಪಲ್ಲಿ ಕಡೆಯ ಒಂದು ಶಾಲೆಯಲ್ಲಿ ಮಕ್ಕಳಿಗೆ ತೋರಿಸಲು ಇವರ ಸಂಗ್ರಹವನ್ನೂ ಯತಿರಾಜ್ ಅವರದ್ದನ್ನೂ ಇಟ್ಟಿದ್ದರು. ಮಾಸ್ಟರ್ ಮನೆಯಿಂದ ಹೊರಗೆ ಹೋದದ್ದು ಅದೇ ಮೊದಲು. ಯತಿರಾಜ್ ಹೊಸದಾಗಿ ಸಂಪಾದಿಸಿದ್ದ ಎರಡು ಬರ್ಮಾ ನಕ್ಷತ್ರ ತಂದಿದ್ದರು, ಎರಡೂ ಸರ್ಕಾರದಿಂದ ಅಂಚೆಯಲ್ಲಿ ಬಂದ ಮೂಲ ಡಬ್ಬಿಯ ಸಮೇತ, ಬೇರೆ ಬೇರೆ ಮನೆಗಳಿಂದ ಸಿಕ್ಕಿದ್ದು. ಮೂರನ್ನೂ ಒಂದೇ ಬಟ್ಟೆಯ ಮೇಲೆ ಇಟ್ಟರು. ನಾನು ಎಲ್ಲರಿಗೂ ಪಾನಕ ಕೊಡುತ್ತಿದ್ದೆ. ಯತಿರಾಜ್ ಬಾಗಿ ನೋಡಿದವರು ಬಾಗಿದಂತೆಯೇ ಉಳಿದರು. ಮಕ್ಕಳೆಲ್ಲ ಹೋದ ಮೇಲೆ ನಿಮ್ಮಣ್ಣನ ತೋಳು ಹಿಡಿದು, "ತಪ್ಪಾ ತಿಳ್ಕೋಬೇಡಿ ಸಾರ್. ನನ್ನವೆರಡೂ ಒಂದೇ ತರ ಇದಾವೆ. ನಿಮ್ಮದು ಬೇರೆ" ಎಂದರು.

ನಿಮ್ಮಣ್ಣ ಮೊದಲು ನಕ್ಕರು. "ನಿಮ್ಮವೆರಡೂ ನಕಲಿ" ಅಂದರು. ಆಮೇಲೆ ಡಬ್ಬಿಗಳನ್ನು ನೋಡಿದರು. ಕೈಯಲ್ಲಿದ್ದ ಅಳತೆ ಕಡ್ಡಿ ಮಾವನವರ ನಕ್ಷತ್ರದ ಮೇಲೆ ಇಳಿಯಿತು. ಮೂರನ್ನೂ ಅಳೆದರು, ಬೇರೆಯಾಗಿ ನಿಂತದ್ದು ಮಾವನವರದ್ದೇ. ದಂಡಿನ ಪೇಟೆಗಳಲ್ಲಿ ಬಿಲ್ಲೆ ಮಾಡುವವರು ಇದ್ದರಂತೆ, ಪದಕ ಕಳೆದುಕೊಂಡ ಸಿಪಾಯಿಗಳು ಅಂಥ ಕಡೆ ಮಾಡಿಸಿಕೊಳ್ಳುತ್ತಿದ್ದರಂತೆ, ಮಾವನವರದ್ದು ಆ ಜಾತಿಯದು. ಯತಿರಾಜ್ ತಮ್ಮ ನೇರಳೆ ಬೆಳಕಿನ ಟಾರ್ಚು ಬಿಟ್ಟು ರಿಬ್ಬನ್ ನೋಡಿದರು. ಈಗಿನ ಕಾಲದ ನೂಲಾದರೆ ಆ ಬೆಳಕಿಗೆ ಹೊಳೆಯುತ್ತದಂತೆ, ಇದು ಹೊಳೆಯಲಿಲ್ಲ. "ರಿಬ್ಬನ್ ಆ ಕಾಲದ್ದೇ ಸಾರ್. ನಕ್ಷತ್ರ ಮಾತ್ರ ಅಲ್ಲ. ಯಾಕೆ ಅಂತ ನನಗೂ ಗೊತ್ತಾಗ್ತಿಲ್ಲ" ಎಂದರು. ಪಾಪ, ಹೇಳಿಬಿಟ್ಟೆನಲ್ಲ ಎಂದು ಆಮೇಲೆ ಅವರೇ ಸಂಕಟಪಟ್ಟುಕೊಂಡರು.

ಗೌತಮಿ, ನಿಮ್ಮಣ್ಣ ಕಾರ್ಖಾನೆಯಲ್ಲಿ ಪ್ರತಿ ವರ್ಷ ಮಾಸ್ಟರ್ ತುಂಡನ್ನೇ ಪೆಟ್ಟಿಗೆಯಲ್ಲಿಟ್ಟು ಹೊರಗಿನ ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷೆ ಮಾಡಿಸುತ್ತಿದ್ದವರು. ಅದು ಕಟ್ಟುನಿಟ್ಟು. ಮನೆಯ ಮಾಸ್ಟರನ್ನು ಮಾತ್ರ ಯಾರಿಗೂ ತೋರಿಸಬೇಕು ಅಂತ ಅವರಿಗೆ ಹೊಳೆದಿರಲೇ ಇಲ್ಲ. ಅಪ್ಪನದ್ದನ್ನು ಯಾರು ಪರೀಕ್ಷೆಗೆ ಕಳಿಸುತ್ತಾರೆ ಹೇಳು.

ಮನೆಗೆ ಬಂದವರೇ ಮಾವನವರ ಪಟವನ್ನು ಗೋಡೆಯಿಂದ ಇಳಿಸಿ ಬೀರುವಿನ ಹಿಂದೆ ಇಟ್ಟರು. "ಅವರು ಯುದ್ಧಕ್ಕೇ ಹೋಗಿರಲಿಲ್ಲವೇನೋ. ಬೆಂಗಳೂರಿನ ದಂಡಿನಲ್ಲಿ ಕೂತು ಲೆಕ್ಕ ಬರೆದುಕೊಂಡಿದ್ದು, ಪೇಟೆಯಲ್ಲೊಂದು ನಕ್ಷತ್ರ ಕೊಂಡು ತಂದರೇನೋ" ಅಂದರು. ಮಾವನವರ ಬಲಗೈಯ ಕಿರುಬೆರಳು ಅರ್ಧ ಇರಲಿಲ್ಲವಲ್ಲ, ಅದೂ ಈಗ ಅನುಮಾನಕ್ಕೆ ಬಂತು. "ಬರ್ಮಾದಲ್ಲಿ ಹೋಯಿತು ಅಂದರು. ಯಾರು ಕಂಡವರು? ಹೊಸೂರು ಬಸ್‌ ಸ್ಟ್ಯಾಂಡಿನಲ್ಲೇ ಹೋಗಿರಬಹುದು." ನಾನು ನಗಬೇಕೋ ಅಳಬೇಕೋ ತಿಳಿಯದೆ ಸಾರಿಗೆ ಒಗ್ಗರಣೆ ಹಾಕಿದೆ. ಅವರು ಊಟ ಬಿಟ್ಟರು. ಸತ್ತು ಮೂವತ್ತು ವರ್ಷವಾದ ಅಪ್ಪನನ್ನು ಈ ವಯಸ್ಸಿನಲ್ಲಿ ಮತ್ತೆ ಕಳೆದುಕೊಂಡ ಹಾಗೆ ಕೂತುಬಿಟ್ಟರು. ಪಿಳ್ಳಮ್ಮನ ನೆನಪು ಅವರಿಗೆ ಬರಲಿಲ್ಲವೆಂದಲ್ಲ. ಆಕೆಯದೇ ಅಸಲಿ ಎಂದು ಅಳತೆ ನೆನಪಿಸಿಕೊಂಡು ಅವರೇ ಹೇಳಿದರು. ಆದರೆ ಎದ್ದು ಹೊರಡಲಿಲ್ಲ.

ಆಗ ನಾನು ನಿನಗೆ ಮೆಸೇಜು ಹಾಕಿದ್ದು. ನೀನು ಫೋನ್ ಮಾಡಿದೆ. ನಿನಗೆ ಕೇಳಿಸದಿದ್ದದ್ದೇ ಒಳ್ಳೆಯದಾಯಿತು, ಇಲ್ಲವಾದರೆ ನಿಮ್ಮಣ್ಣನ ಸಬೂಬುಗಳನ್ನೆಲ್ಲ ಕೇಳಿ ಕರಗಿಬಿಡುತ್ತಿದ್ದೆ. "ಅಣ್ಣಾ, ಅಪ್ಪ ಎಲ್ಲೂ ಹೋಗಲ್ಲ, ಪಟದಲ್ಲೇ ಇರ್ತಾರೆ. ಆ ಮುದುಕಿಗೆ ವಯಸ್ಸಾಗಿದೆ. ಮೊದಲು ಹೋಗಿ ಹೇಳಿ ಬಾ" ಎಂದು ಹೇಳಿ, ಅವರು ಏನೋ ಅನ್ನುತ್ತಿರುವಾಗಲೇ ಇಟ್ಟುಬಿಟ್ಟೆ. ಅವರು ಫೋನನ್ನು ಮೇಜಿನ ಮೇಲಿಟ್ಟು, "ನಾಳೆ ತಳಿ ಬಸ್ಸಿಗೆ ಹೋಗೋಣ, ನೀನೂ ಬಾ" ಅಂದರು. ನಿನ್ನ ಈ ಋಣ ನಾನು ಮರೆಯುವುದಿಲ್ಲ.

ತಳಿಯಲ್ಲಿ ಬಸ್ಸಿಳಿದು ಜೀಪಿನಲ್ಲಿ ಹೋದೆವು. ಹೊಸೂರಿಗಿಂತ ಅಲ್ಲಿ ಚಳಿ, ನಾನು ಶಾಲು ತರದೆ ಪೆಚ್ಚಾದೆ. ಊರ ಬಾಗಿಲಿನಲ್ಲೇ ಹೊಸ ಕಲ್ಲು ನಿಂತಿತ್ತು, ಇನ್ನೂ ಹೂವಿನ ಹಾರ ಬಾಡಿರಲಿಲ್ಲ. ನಿಮ್ಮಣ್ಣ ಇಳಿದು ಒಂದೊಂದೇ ಹೆಸರು ಓದಿದರು. ಮುನಿಶಾಮಪ್ಪನ ಹೆಸರು ಇರಲಿಲ್ಲ. ಇವರ ಮಾತು ಕೇಳಿ ಸಂಘದವರು ಅವನ ಹೆಸರು ಕೈಬಿಟ್ಟಿದ್ದರು. ಅವರು ಕಲ್ಲಿಗೆ ಕೈಮುಗಿದು ಮತ್ತೆ ಜೀಪು ಹತ್ತಿದರು.

ಪಿಳ್ಳಮ್ಮ ಜಗುಲಿಯಲ್ಲಿ ಬಿಸಿಲು ಕಾಯಿಸುತ್ತಾ ಕೂತಿದ್ದಳು. ನಮ್ಮನ್ನು ಕಂಡು, "ಬನ್ನಿ ಸಾಮಿ, ಬಾರಮ್ಮ, ಚಳೀಲಿ ಬಂದವ್ರೆ, ಮುನೀಶಾ, ಕಾಪಿ ಕಾಯ್ಸು" ಎಂದಳು. ಒಂದು ಮುನಿಸಿನ ಮಾತು ಇಲ್ಲ. ನಿಮ್ಮಣ್ಣ ಕೂರಲಿಲ್ಲ. ನಿಂತುಕೊಂಡೇ, "ಅಮ್ಮ, ನಾನು ತಪ್ಪು ಹೇಳಿದ್ದೆ. ನಿಮ್ಮ ನಕ್ಷತ್ರ ಅಸಲಿ. ನಕಲಿ ಇರೋದು ನಮ್ಮ ಮನೇದು" ಎಂದು ಜೇಬಿನಿಂದ ಮಾವನವರದ್ದನ್ನು ತೆಗೆದು ತೋರಿಸಿದರು. ಆಕೆ ಅದನ್ನು ನೋಡಲೂ ಇಲ್ಲ. "ನಂಗೊತ್ತಿತ್ತು ಸಾಮಿ. ಅದ್ನ ತಂದ್ಕೊಟ್ಟೋರು ಅಂಥೋರಲ್ಲ" ಎಂದಳು.

ಈ ಸಲ ನಾನು ಬಿಡಲಿಲ್ಲ. ಯಾರಮ್ಮ ತಂದುಕೊಟ್ಟದ್ದು ಎಂದು ನಾನೇ ಕೇಳಿದೆ.

"ನಾನವಾಗ ಇಷ್ಟುದ್ದ ಇದ್ನೇನೋ. ಒಬ್ರು ಅಯ್ನೋರು ಸೈಕಲ್ ತಳ್ಕಂಡು ಬಂದ್ರು. ದಿಣ್ಣೆ ಮ್ಯಾಲೆ ತುಳಿಯಾಕಾಗ್ದೆ ಬೆವ್ತು ಹೋಗಿದ್ರು. ಮಿಲ್ಟ್ರೀಲಿ ನಮ್ಮಪ್ಪುನ ಜತೇಲಿ ಲೆಕ್ಕ ಬರೀತಿದ್ರಂತೆ. ನಮ್ಮವ್ವ ಅವರ್ನ ಬರವಣಿಗೆ ಸಾಮಿ ಅಂತಾನೇ ಅನ್ನೋಳು, ಹೆಸರು ಕೇಳ್ನಿಲ್ಲ. ಇಲ್ಲೇ, ಇದೇ ಜಗುಲೀಲಿ ಕುಂತ್ಕಂಡು ಮುದ್ದೆ ಉಂಡ್ರು ಕಣಮ್ಮ. ಆ ಕಾಲ್ದಾಗೆ ಅಯ್ನೋರು ನಮ್ಮನೇಲಿ ಉಂಬೋದಾ? ನಮ್ಮವ್ವ ಬ್ಯಾಡ ಅಂದ್ರೂ ಬುಡ್ನಿಲ್ಲ. ಅಲ್ಲಿ ಮುನಿಶಾಮಪ್ಪ ಬೇಯ್ಸಿಕ್ಕಿದ್ದನ್ನೇ ಉಂಡು ಬದುಕಿವ್ನಿ, ಇಲ್ಯಾಕೆ ಬ್ಯಾಡ ಅಂದ್ರಂತೆ. ಆಮ್ಯಾಕೆ ಜೇಬಿಂದ ಇದ್ನ ತೆಗ್ದು ಅವ್ವನ ಕೈಗಿಕ್ಕಿ, ಸರ್ಕಾರದೋರು ನಿನ್ ಗಂಡಂಗೆ ಕೊಟ್ಟವ್ರೆ ತಾಯಿ, ತಲುಪ್ಸು ಅಂತ ನಂಗೆ ಯೋಳಿದ್ರು ಅಂದ್ರು. ಇದ್ಕೆ ಬಣ್ಣದ ಪಟ್ಟಿ ಇರ್ತದಲ್ಲ ಅಂತ ಅವ್ವ ಕೇಳಿದ್ಕೆ, ಅದು ಮಳೇಲಿ ನೆಂದು ಹಾಳಾಯ್ತು ಅಂದ್ರಂತೆ."

ನಿಮ್ಮಣ್ಣ ಆಗಲೇ ಕೂತಿದ್ದರು. ಪಿಳ್ಳಮ್ಮ ತನ್ನ ಬಲಗೈ ಎತ್ತಿ ಕಿರುಬೆರಳನ್ನು ಅರ್ಧಕ್ಕೆ ಮಡಿಸಿ ತೋರಿಸಿದಳು. "ಕೊಡುವಾಗ ಅವರ ಕೈ ನೋಡ್ದೆ ಸಾಮಿ. ಈ ಬೆರಳು ಇಷ್ಟಕ್ಕೇ ನಿಂತೋಗಿತ್ತು. ನಾನು ಅದ್ನೇ ನೋಡ್ಕಂಡು ನಿಂತಿದ್ದೆ. ನಿಮ್ಮಪ್ಪನ ಲಾರಿ ಬಾಗ್ಲು ತಿಂತು ಕಣಮ್ಮ ಇದ್ನ, ಅಂತ ನಕ್ಕುದ್ರು."

ಗೌತಮಿ, ಆ ಬೆರಳಿನ ಕೈಯಲ್ಲೇ ಮಾವನವರು ನಿನಗೆ ಅಕ್ಷರ ತಿದ್ದಿಸಿದ್ದು. ನನಗೆ ಹೇಗಾಯಿತೋ ನಿನಗೂ ಹಾಗೆಯೇ ಆಗಿರುತ್ತದೆ ಈ ಸಾಲು ಓದುವಾಗ, ನಾನು ಹೆಚ್ಚು ಬರೆಯುವುದಿಲ್ಲ. ನಮ್ಮವರಿಗೆ ಕೊಟ್ಟ ಈ ನಕ್ಷತ್ರಗಳಲ್ಲಿ ಎಷ್ಟೋ ಹೆಸರು ಕೆತ್ತದೆಯೇ ಬಂದವಂತೆ. ಬೇರೆ ಪದಕಗಳ ಅಂಚಿನಲ್ಲಿ ಹೆಸರು, ನಂಬರು ಇರುತ್ತವೆ, ಇದರಲ್ಲಿ ಏನೂ ಇಲ್ಲ. ಹಾಗಾಗಿ ಒಬ್ಬರದ್ದನ್ನು ಇನ್ನೊಬ್ಬರದು ಅಂತ ಕೊಟ್ಟರೆ ಯಾವ ಪರೀಕ್ಷೆಗೂ ಸಿಗುವುದಿಲ್ಲ. ಮುನಿಶಾಮಪ್ಪ ಹೋದ ಮೇಲೆ ಅವನ ಪದಕಕ್ಕೆ ಅರ್ಜಿ ಹಾಕುವವರು ಯಾರೂ ಇರಲಿಲ್ಲ. ಮಾವನವರು ತಮ್ಮದನ್ನೇ ತಂದು ಕೊಟ್ಟು, ತಮಗೊಂದು ಪೇಟೆಯಲ್ಲಿ ಮಾಡಿಸಿಕೊಂಡರು. ರಿಬ್ಬನ್ ಮಾತ್ರ ಯಾಕೆ ಇಟ್ಟುಕೊಂಡರೋ. ಒಂದು ಚೂರಾದರೂ ತನ್ನದು ಅಂತ ಇರಲಿ ಅನ್ನಿಸಿತೇನೋ. ಅತ್ತೆಗೂ ಹೇಳಲಿಲ್ಲ, ಮಕ್ಕಳಿಗೂ ಹೇಳಲಿಲ್ಲ. ಎಂಥ ಮನುಷ್ಯರು ಅವರು. ಅವರ ಮನೆಗೆ ಸೊಸೆಯಾಗಿ ಬಂದದ್ದಕ್ಕೆ ನನಗೆ ಆ ಜಗುಲಿಯಲ್ಲಿ ಬಹಳ ಹೆಮ್ಮೆಯಾಯಿತು.

ನಿಮ್ಮಣ್ಣ ಇದನ್ನೆಲ್ಲ ಹೇಳಿಬಿಡುತ್ತಾರೆ ಎಂದು ನನಗೆ ಭಯವಾಯಿತು. ಇದ್ದದ್ದನ್ನು ಇದ್ದ ಹಾಗೆ ಹೇಳದಿದ್ದರೆ ಅವರಿಗೆ ನಿದ್ದೆ ಬರುವುದಿಲ್ಲ. ಅಷ್ಟರಲ್ಲಿ ಪಿಳ್ಳಮ್ಮ ಒಳಗಿನಿಂದ ನಕ್ಷತ್ರ ತಂದು ಅವರ ಅಂಗೈಯಲ್ಲಿಟ್ಟಳು. "ಅಸಲಿ ಅಂದ್ರಿ, ಸರಿ. ಈಗ ಇನ್ನೊಂದ್ ಯೋಳ್ಬುಡಿ. ಇದು ನಮ್ಮಪ್ಪುಂದೇ ತಾನೆ?"

ಅವರು ಕನ್ನಡಕ ಒರೆಸಿಕೊಂಡರು. ಭೂತಗನ್ನಡಿ ತೆಗೆದರು. ನೋಡುವುದಕ್ಕೆ ಅದರಲ್ಲಿ ಏನೂ ಇಲ್ಲವೆಂದು ನನಗೂ ಗೊತ್ತು, ಅವರಿಗೂ ಗೊತ್ತು. ಆದರೂ ಮುಂದೆ ನೋಡಿದರು, ಹಿಂದೆ ತಿರುಗಿಸಿ ನೋಡಿದರು, ಬಿಸಿಲಿಗೆ ಹಿಡಿದು ನೋಡಿದರು. ಮುನೀಶ್ ಕಾಫಿ ಲೋಟ ಹಿಡಿದುಕೊಂಡು ನಿಂತಿದ್ದ. ಕಡೆಗೆ, "ನಿಮ್ಮಪ್ಪನದೇ ಅಮ್ಮ. ಅನುಮಾನವೇ ಬೇಡ" ಎಂದರು.

ಆಮೇಲೆ ತಮ್ಮ ಕೈಯಲ್ಲಿದ್ದ ನಕಲಿಯಿಂದ ಮಾವನವರ ರಿಬ್ಬನ್ ಬಿಡಿಸಿ, ಆಕೆಯ ನಕ್ಷತ್ರದ ಕರಿ ದಾರ ತೆಗೆದು, ಅದಕ್ಕೆ ಪೋಣಿಸಿಕೊಟ್ಟರು. "ಇದಕ್ಕೆ ರಿಬ್ಬನ್ ಇರಬೇಕು. ಆ ಕಾಲದ್ದೇ, ನನ್ನ ಹತ್ತಿರ ಒಂದಿತ್ತು" ಅಂದರು. ಪಿಳ್ಳಮ್ಮ ಅದನ್ನು ಕಣ್ಣಿಗೊತ್ತಿಕೊಂಡು ಅತ್ತಳು. ಅತ್ತು ಮುಗಿಸಿ, ನಮಗೆ ಊಟ ಮಾಡದೆ ಹೋಗಕೂಡದು ಎಂದಳು. ನಾವು ಮುದ್ದೆ, ಸೊಪ್ಪಿನ ಸಾರು ಉಂಡೆವು. ಆ ಜಗುಲಿಯಲ್ಲೇ.

ಮುನೀಶ್ ನಮ್ಮನ್ನು ಸೈನಿಕರ ಸಂಘದವರ ಹತ್ತಿರ ಕರೆದುಕೊಂಡು ಹೋದ. ಇವರು ಎಲ್ಲರ ಮುಂದೆ ತಮ್ಮ ಅಳತೆ ತಪ್ಪಾಗಿತ್ತೆಂದು ಒಪ್ಪಿಕೊಂಡರು. ಕಲ್ಲಿನ ಕೆಳಗಡೆ ಇನ್ನೂ ಜಾಗವಿದೆ, ಈ ತಿಂಗಳೇ ಹೆಸರು ಕೆತ್ತಿಸುತ್ತೇವೆ ಎಂದು ಅವರು ಮಾತು ಕೊಟ್ಟಿದ್ದಾರೆ. ಹಿಂದಿರುಗುವಾಗ ಬಸ್ಸಿನಲ್ಲಿ ಕೋಸಿನ ಮೂಟೆಗಳ ನಡುವೆ ಕೂತು ನಿಮ್ಮಣ್ಣ, "ಇಷ್ಟು ವರ್ಷದಲ್ಲಿ ಮೊದಲ ಸಲ ಸುಳ್ಳು ತೀರ್ಪು ಕೊಟ್ಟೆ ಕಣೇ" ಎಂದರು. "ನಿಮ್ಮಪ್ಪ ಕೊಟ್ಟದ್ದನ್ನೇ ಕೊಟ್ಟಿರಿ ಬಿಡಿ" ಎಂದೆ. ಮನೆಗೆ ಬಂದು ಕೈಕಾಲು ತೊಳೆಯುವ ಮೊದಲೇ ಪಟವನ್ನು ಮತ್ತೆ ಗೋಡೆಗೆ ಹಾಕಿದರು.

ಈಗ ಚೆನ್ನಾಗಿ ಊಟ ಮಾಡುತ್ತಿದ್ದಾರೆ. ಹಿಂದೆ ತಾವು ನಕಲಿ ಎಂದು ತಿರುಗಿಸಿ ಕಳಿಸಿದ ಬರ್ಮಾ ನಕ್ಷತ್ರಗಳ ಮನೆಗಳಿಗೆಲ್ಲ ಯತಿರಾಜ್ ಅವರ ಜೊತೆ ಹೋಗಿ ಬರುತ್ತಾರಂತೆ, ಬಸ್ಸಿನ ವೇಳೆ ವಿಚಾರಿಸುತ್ತಿದ್ದಾರೆ. ಇನ್ನು ಮೇಲೆ ತಂದವರ ಕತೆಯನ್ನೂ ಕೇಳುತ್ತೇನೆ ಅಂದಿದ್ದಾರೆ, ನೋಡೋಣ. ನಿರಂಜನ ಅವರಿಗೆ ಮಂಡಿಗೆ ಎಣ್ಣೆ ತಿಕ್ಕಿಸಿಕೊಳ್ಳಲು ಹೇಳು. ನೀನು ಕಿವಿಗೆ ಆ ಯಂತ್ರ ಹಾಕಿಕೋ, ಹಟ ಬೇಡ. ಯುಗಾದಿಗೆ ಇಬ್ಬರೂ ಬನ್ನಿ, ಕುರ್ಚಿಯೊಂದನ್ನು ಹೇಗಾದರೂ ಬಿಡಿಸಿಡುತ್ತೇನೆ. ನಿನ್ನ ಮನೆ ತಂಪಾಗಿರಲಿ, ನೀನು ನೂರು ಕಾಲ ಬಾಳು ತಾಯಿ.

ಇಂತಿ ನಿನ್ನ ಅತ್ತಿಗೆ,
ಶಾಂತಾಬಾಯಿ

ತಾ.ಕ.: ಕವರು ಅಂಟಿಸುವ ಮೊದಲು ಇನ್ನೊಂದು ಮಾತು. ಇದನ್ನು ನಿಮ್ಮಣ್ಣನಿಗೆ ಓದಿ ಹೇಳಿಲ್ಲ.

ಹೊರಡುವಾಗ ಪಿಳ್ಳಮ್ಮ ನನ್ನ ಹಣೆಗೆ ಕುಂಕುಮ ಇಡುತ್ತಾ, "ಮಕ್ಳೆಷ್ಟಮ್ಮ?" ಎಂದು ಕೇಳಿದಳು. ಇಲ್ಲ ಎಂದೆ. ಎಲ್ಲರಿಗೂ ಹಾಗೆಯೇ ಹೇಳುತ್ತಾ ಬಂದಿದ್ದೇನೆ. ಹೆಸರಿಡುವ ದಿನ ಬರುವ ಮೊದಲೇ ಹೋದ ಕೂಸನ್ನು ಲೆಕ್ಕಕ್ಕೆ ಹಿಡಿಯಬಾರದು, ಅತ್ತರೆ ಮುಂದಿನದಕ್ಕೆ ಒಳ್ಳೆಯದಲ್ಲ ಅಂತ ಅತ್ತೆ ಹೇಳಿದ್ದರು. ಕೆಟ್ಟ ಮನಸ್ಸಿನಿಂದ ಅಲ್ಲ, ಅವರಿಗೆ ಅವರ ಅತ್ತೆ ಹೇಳಿಕೊಟ್ಟದ್ದು. ಮುಂದಿನದು ಬರಲೇ ಇಲ್ಲ. ನನಗೆ ಆಗ ಜ್ವರ ಎಷ್ಟಿತ್ತೆಂದರೆ ಅವನ ಮುಖವೇ ನೆನಪಿಲ್ಲ. ಕುಲಾವಿ, ಬಟ್ಟೆ ಎಲ್ಲವನ್ನೂ ಅವನ ಜೊತೆಗೇ ಕಳಿಸಿಬಿಟ್ಟರು. ಗುರುತಿಲ್ಲದ ಸಿಪಾಯಿಗಳ ಗುಂಡಿಯನ್ನೂ ಬಿಲ್ಲೆಯನ್ನೂ ಜೋಪಾನ ಮಾಡಿರುವ ಈ ಮನೆಯಲ್ಲಿ ಅವನದು ಅಂತ ಒಂದು ನೂಲೂ ಇಲ್ಲ. ಆ ಮುದುಕಿ ತನ್ನ ಅಪ್ಪನದಲ್ಲದ ನಕ್ಷತ್ರವನ್ನು ಕಣ್ಣಿಗೊತ್ತಿಕೊಂಡಾಗ ನನಗೆ ಹೊಟ್ಟೆಕಿಚ್ಚಾಯಿತು ಗೌತಮಿ. ಒತ್ತಿಕೊಳ್ಳುವುದಕ್ಕೆ ಸುಳ್ಳಿನದಾದರೂ ಒಂದು ನನಗೆ ಇಲ್ಲವಲ್ಲ ಎಂದು.

ಬಸ್ಸಿನಲ್ಲಿ ನೆನಪಾಯಿತು, ಇದೆ. ಅವನನ್ನು ಎತ್ತಿಕೊಂಡದ್ದು ನೀನು. ಎಲ್ಲರೂ ಸುಮ್ಮನಿದ್ದಾಗ ನೀನೊಬ್ಬಳು ಬಾಣಂತಿ ಕೋಣೆಗೆ ಬಂದು ನನ್ನ ಕಿವಿಯಲ್ಲಿ, "ಅತ್ತಿಗೆ, ಅವನು ನಿದ್ದೆಯಲ್ಲಿ ನಗುತ್ತಿದ್ದ. ನಗುವಾಗ ಎಡಗೆನ್ನೆಯಲ್ಲಿ ಗುಳಿ ಬೀಳುತ್ತಿತ್ತು, ನಿಮ್ಮ ಹಾಗೇ" ಎಂದೆ. ನಾನು ಕನ್ನಡಿ ನೋಡಿಕೊಂಡಾಗಲೆಲ್ಲ ಆ ಮಾತನ್ನೇ ನೋಡಿಕೊಂಡಿದ್ದೇನೆ. ಅದನ್ನು ಕೊಟ್ಟದ್ದಕ್ಕೆ ನಿನಗೆ ಯಾವತ್ತೂ ಏನೂ ಹೇಳಿರಲಿಲ್ಲ, ಈಗ ಕೈಮುಗಿದು ಹೇಳುತ್ತಿದ್ದೇನೆ. ನೀನು ಕಂಡದ್ದನ್ನು ಹೇಳಿದೆಯೋ, ನನ್ನ ಸಮಾಧಾನಕ್ಕೆ ಹೇಳಿದೆಯೋ, ಅದನ್ನು ಮಾತ್ರ ಬರೆಯಬೇಡ.